ಬೈಲು, ಹಾಡಿ, ಕಾಂಡ್ಲ: ಕೋಟದಿಂದ ಹೊರಟ ವಿಜ್ಞಾನದ ಕನ್ನಡ

ಕುಂದಾಪುರ ಸೀಮೆಯವರಿಗೆ ನೆಲವೆಂದರೆ ಒಂದೇ ನೆಲವಲ್ಲ. ಕಡಲಂಚಿನದು ಹೊಯಿಗೆ, ಹೊಳೆ ಸಮುದ್ರ ಸೇರುವಲ್ಲಿ ಅಳಿವೆ, ಉಪ್ಪುನೀರಿನ ಕೆಸರಲ್ಲಿ ಬೆಳೆದದ್ದು ಕಾಂಡ್ಲ. ಅಲ್ಲಿಂದ ಮೂಡಣಕ್ಕೆ ನಡೆದರೆ ಬೈಲು, ಮಜಲು, ಬೆಟ್ಟು. ಆಮೇಲೆ ಹಕ್ಕಲು, ಕಿರುಗಾಡಾದ ಹಾಡಿ, ಕೊನೆಗೆ ಘಟ್ಟದ ಕಾಡು. ತಗ್ಗಿನಲ್ಲಿ ನೀರು ಬಹುಕಾಲ ನಿಲ್ಲುವ ಗದ್ದೆ ಬೈಲು. ಮಳೆಯನ್ನೇ ನಂಬಿ ಒಂದು ಬೆಳೆಗೆ ಮುಗಿಯುವುದು ಬೆಟ್ಟು. ಮಜಲು ಇವೆರಡರ ನಡುವಿನದು. ಕಂದಾಯದ ಕಡತಗಳಲ್ಲೂ ಇವೇ ಹೆಸರು ನಡೆದುಬಂದವು.

ಪಠ್ಯಪುಸ್ತಕದ 'ಬಯೋಮ್' (ಜೀವಿವಲಯ) ಈ ಹೆಸರುಗಳಿಗಿಂತ ಬಹಳ ದೊಡ್ಡ ಅಳತೆಯ ಮಾತು. ಕೊಲ್ಲೂರಿನ ನಿತ್ಯಹರಿದ್ವರ್ಣದ ಕಾಡು ಭೂಮಧ್ಯರೇಖೆಯ ಆಚೀಚೆ ಹಬ್ಬಿದ ಮಳೆಕಾಡುಗಳ ಬಳಗಕ್ಕೆ ಸೇರಿದ್ದು. ಆದರೆ ನೀರು, ಮಣ್ಣು, ಎತ್ತರ ನೋಡಿ ಎಲ್ಲಿ ಏನು ಬದುಕೀತು ಎಂದು ಗುರುತಿಸುವ ಕಣ್ಣು ಎರಡೂ ಕಡೆ ಒಂದೇ. ಕುಂದಾಪುರದಿಂದ ಕೊಲ್ಲೂರಿಗೆ ಸುಮಾರು 40 ಕಿಲೋಮೀಟರು. ಅಷ್ಟು ದಾರಿಯಲ್ಲಿ ಕಡಲಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಯ ಬುಡದವರೆಗೆ ಇಷ್ಟೆಲ್ಲ ಬಗೆಯ ನೆಲ ಸಿಗುತ್ತದೆ.

ಇದೇ ಸೀಮೆಯ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದವರು ಶಿವರಾಮ ಕಾರಂತರು. ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಅವರಿಗೆ ವಿಜ್ಞಾನದ ಪದವಿಯಿರಲಿಲ್ಲ. ಆದರೂ ಕನ್ನಡದ ಮಕ್ಕಳ ಕೈಗೆ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಇಟ್ಟವರು ಅವರೇ. ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' 1959ರಿಂದ ಹೊರಬರತೊಡಗಿತು. ಡಾರ್ವಿನ್ನನ ಜೀವಜಾತಿಗಳ ಉಗಮದ ಪುಸ್ತಕಕ್ಕೆ ಅದೇ ವರ್ಷ ನೂರು ತುಂಬಿತ್ತು. ಕಾದಂಬರಿಕಾರ ಕಾರಂತರನ್ನು ನಾಡು ಹೊತ್ತು ಮೆರೆಸಿತು. ಈ ಸಂಪುಟಗಳ ಹಿಂದಿನ ದುಡಿಮೆಗೆ ಸಲ್ಲಬೇಕಾದ ಮನ್ನಣೆ ಮಾತ್ರ ಇನ್ನೂ ಪೂರ್ತಿ ಸಂದಿಲ್ಲ. ವಿಶ್ವವಿದ್ಯಾಲಯದ ತಂಡ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದ್ದರು.

ಡಾರ್ವಿನ್ನನ ವಿಕಾಸವಾದವನ್ನು ಕಲಿಯಲು ಅವನು ಸುತ್ತಿದ ಗಲಾಪಗೋಸ್ ದ್ವೀಪಗಳಿಗೇ ಹೋಗಬೇಕಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಕೂಡುವ ಪಂಚಗಂಗಾವಳಿಯ ದಡಕ್ಕೆ ಇಳಿತದ ಹೊತ್ತಿಗೆ ಬಂದರೆ ಸಾಕು. ಅಲ್ಲಿ ಕಾಂಡ್ಲದ ಮರ ಕೆಸರಿನ ಮೇಲೆ ಬೇರುಗಳನ್ನು ಊರುಗೋಲಿನಂತೆ ಚಾಚಿ ನಿಂತಿರುತ್ತದೆ. ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಜೋತಾಡುವುದು ಕಾಯಿಯಲ್ಲ, ಮೊಳಕೆ. ಬೀಜ ತಾಯಿಮರದಲ್ಲೇ ಮೊಳೆತು, ಹಸಿರು ಕೋಲಾಗಿ ಬೆಳೆದು, ಆಮೇಲೆ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನಾಟಿಕೊಂಡೀತು. ಉಬ್ಬರದಲ್ಲಿ ಬಿದ್ದರೆ ತೇಲಿ ಬೇರೆ ದಡ ಹಿಡಿದೀತು. ಸಾಮಾನ್ಯ ಬೀಜ ಈ ಉಪ್ಪು ಕೆಸರಲ್ಲಿ ಬೇರು ಬಿಡುವ ಮೊದಲೇ ಕೊಚ್ಚಿಹೋಗುವುದು ಸುಲಭ. ತುಸು ಮುಂಚಿತವಾಗಿ ಮೊಳೆತವು ಹೆಚ್ಚು ಉಳಿದವು, ಉಳಿದವುಗಳ ಸಂತಾನ ಹೆಚ್ಚಿತು. ಲೆಕ್ಕವಿಲ್ಲದಷ್ಟು ತಲೆಮಾರು ಹೀಗೇ ನಡೆದದ್ದಕ್ಕೆ ನಿಸರ್ಗದ ಆಯ್ಕೆ ಎಂದು ಹೆಸರು.

ಉಪ್ಪುನೀರು ಡಾರ್ವಿನ್ನನನ್ನೂ ಕಾಡಿತ್ತು. ದ್ವೀಪಗಳಿಗೆ ಗಿಡಗಳು ಕಡಲು ದಾಟಿ ಹೋದದ್ದು ಹೇಗೆ? ಅವನು ಊಹಿಸಿ ಸುಮ್ಮನಾಗಲಿಲ್ಲ. 87 ಬಗೆಯ ಬೀಜಗಳನ್ನು 28 ದಿನ ಉಪ್ಪುನೀರಲ್ಲಿ ನೆನೆಹಾಕಿ ಬಿತ್ತಿದ. 64 ಬಗೆಯವು ಮೊಳೆತವು. ಪ್ರಶ್ನೆ, ಊಹೆ, ಪರೀಕ್ಷೆ, ಎಣಿಕೆ: ವಿಜ್ಞಾನದ ವಿಧಾನವೆಂದರೆ ಇಷ್ಟೇ.

ಕಾರಂತರ ಮನೆಯಲ್ಲೇ ಈ ವಿಧಾನ ಇನ್ನೊಂದು ತಲೆಮಾರಿಗೆ ದಾಟಿತು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ಮಗ ಉಲ್ಲಾಸ ಕಾರಂತರು ಹುಲಿಯ ಬೆನ್ನುಹತ್ತಿದರು. ಹೆಜ್ಜೆಗುರುತು ನೋಡಿ ಹುಲಿ ಎಣಿಸುವುದು ದೇಶದಲ್ಲಿ ಆಗ ಒಪ್ಪಿತ ಕ್ರಮ. ಅದನ್ನೇ ಅವರು ಪರೀಕ್ಷೆಗೆ ಒಡ್ಡಿದರು: ಎಣಿಕೆ ಮೊದಲೇ ಗೊತ್ತಿದ್ದ ಬೋನಿನ ಹುಲಿಗಳ ಹೆಜ್ಜೆಗಳನ್ನು ಪಳಗಿದವರ ಮುಂದಿಟ್ಟಾಗ ಉತ್ತರಗಳು ತಪ್ಪಿದವು. ಆಮೇಲೆ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತಿಸಿದರು. ರಾಜಸ್ಥಾನದ ಸರಿಸ್ಕಾ ಹುಲಿಧಾಮದಲ್ಲಿ ಹುಲಿಗಳೇ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಸರ್ಕಾರವೂ ಹೆಜ್ಜೆ ಎಣಿಕೆಯನ್ನು ಕೈಬಿಟ್ಟಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಲ್ಲಿ ವಿಕಾಸದ, ವಿಜ್ಞಾನದ ವಿಧಾನದ ಪಾಠಗಳು ಇಂದಿಗೂ ಕರಿಹಲಗೆಯ ಮೇಲೆಯೇ ನಡೆದು ಮುಗಿಯುವುದುಂಟು. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಜೀವವಿಜ್ಞಾನದ ಒಂದು ಅವಧಿಯನ್ನು ಇಳಿತದ ಹೊತ್ತಿಗೆ ಹೊಂದಿಸಿಕೊಳ್ಳಿ, ಮಕ್ಕಳನ್ನು ಕಾಂಡ್ಲದ ದಡಕ್ಕೆ ಕರೆದೊಯ್ಯಿರಿ, ಜೋತುಬಿದ್ದ ಆ ಹಸಿರು ಕೋಲುಗಳನ್ನು ಅವರೇ ಎಣಿಸಲಿ.