ಪಗಡಿಯ ಖೋಲಿ, ಕಾಯಿದೆಯ ನೆರಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಮುಂಬಯಿಗೆ ಬಂದಿದ್ದರೆ ಬಾಡಿಗೆಯ ಖೋಲಿ ಹುಡುಕಿ ನೋಡು ಎಂದೂ ಸೇರಿಸುತ್ತಿದ್ದರು. ಒಂದು ಟ್ರಂಕು ಹಿಡಿದು ಬಂದು, ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಅದೇ ಹೊಟೇಲಿನ ಮೇಜಿನ ಮೇಲೆ ಮಲಗಿದವರ ಕಥೆ ನಮ್ಮಲ್ಲಿ ಹಲವು ಮನೆಗಳಲ್ಲಿ ಉಂಟು. ದುಡಿಮೆ ಕೊಟ್ಟ ನಗರ ಸೂರು ಕೊಡಲು ಏಕೆ ಹಿಂದೆಗೆಯಿತು? ಉತ್ತರದ ದೊಡ್ಡ ಪಾಲು ಬಾಡಿಗೆ ಕಾಯಿದೆಯ ಚರಿತ್ರೆಯಲ್ಲಿದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ಏರಿದಾಗ, 1918ರಲ್ಲಿ ಸರಕಾರ ಅದಕ್ಕೆ ಕಡಿವಾಣ ಹಾಕಿತು. ಯುದ್ಧಕಾಲದ ನಿರ್ಬಂಧವೆಂದು ಕಾಯಿದೆಯ ಹೆಸರೇ ಹೇಳುತ್ತಿತ್ತು. ಆದರೆ ಕಾಯಿದೆ ಬಾಡಿಗೆಯನ್ನು ತಡೆದೀತು, ಗೋಡೆ ಕಟ್ಟಲಾರದು. ಆದುದರಿಂದ 1920ರಲ್ಲಿ ಸ್ಥಾಪನೆಯಾದ ಅಭಿವೃದ್ಧಿ ಇಲಾಖೆ ತಾನೇ ಮನೆ ಕಟ್ಟಲು ಹೊರಟಿತು. ವರಳಿ, ನಾಯಗಾಂವ, ಶಿವಡಿ, ಡಿಲೈಲ್ ರೋಡುಗಳಲ್ಲಿ ಎದ್ದ 207 ಬಿ.ಡಿ.ಡಿ. ಚಾಳುಗಳು ಅದರ ಫಲ. ಸುಮಾರು 160 ಚದರಡಿಯ ಒಂದು ಖೋಲಿ, ಸಾಲಿಗೆಲ್ಲ ಒಂದೇ ಕಡೆ ಶೌಚಾಲಯ. ಅಷ್ಟರಲ್ಲೇ ಸಂಸಾರಗಳು ಬೆಳೆದವು.

ಎರಡನೆಯ ಯುದ್ಧ ಬಂದಾಗ ನಿಯಂತ್ರಣ ಮತ್ತೆ ಬಂತು. ಕೊನೆಗೆ 1947ರ ಬಾಡಿಗೆ ಕಾಯಿದೆ 1948ರ ಫೆಬ್ರವರಿ 13ರಿಂದ ಜಾರಿಯಾಯಿತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ನಿಶ್ಚಿತ ಬಾಡಿಗೆ. ಅನಂತರ ಮೊದಲ ಸಲ ಬಾಡಿಗೆಗೆ ಕೊಟ್ಟ ಮನೆಗೆ ಆ ಮೊದಲ ಬಾಡಿಗೆಯೇ ನಿಶ್ಚಿತ. ಬಾಡಿಗೆ ತಪ್ಪದೆ ಸಲ್ಲಿಸುವವರನ್ನು ಮಾಲಕ ಮನಬಂದಂತೆ ಎಬ್ಬಿಸುವಂತಿಲ್ಲ. ಗಿರಣಿಯವರಿಗೂ ಗುಮಾಸ್ತರಿಗೂ ಇದು ದೊಡ್ಡ ಆಸರೆಯಾಯಿತು. ನಮ್ಮ ಹಲವು ಕುಟುಂಬಗಳು ಈ ನಗರದಲ್ಲಿ ಕಾಲೂರಿದ್ದು ಈ ಕಾಯಿದೆಯ ಬಲದಿಂದ ಎಂಬುದನ್ನು ನಾವು ಮರೆಯಬಾರದು.

ಆದರೆ ಒಳಗಿದ್ದವರಿಗೆ ಕೋಟೆಯಾದದ್ದು ಹೊರಗಿನವರಿಗೆ ಮುಚ್ಚಿದ ಬಾಗಿಲಾಯಿತು. ಬಾಡಿಗೆಯಲ್ಲಿ ಸಿಗದ ಹಣ ಪಗಡಿಯಾಗಿ ಬಂತು. ಕಾಯಿದೆ ಅದನ್ನು ಅಪರಾಧವೆಂದದ್ದರಿಂದ ಹಣ ಕೈಯಿಂದ ಕೈಗೆ ಗುಟ್ಟಾಗಿ ಹೋಯಿತು, ರಸೀದಿ ಇರಲಿಲ್ಲ. ಅಣ್ಣ ಹತ್ತಾರು ರೂಪಾಯಿ ಬಾಡಿಗೆಯಲ್ಲಿ ಇದ್ದ ಚಾಳಿನಲ್ಲೇ, ತಡವಾಗಿ ಬಂದ ತಮ್ಮ ಪಗಡಿಗಾಗಿ ಊರಿನ ಗದ್ದೆ ಅಡವಿಡಬೇಕಾಯಿತು. ಲೀವ್ ಆ್ಯಂಡ್ ಲೈಸೆನ್ಸಿನಲ್ಲಿದ್ದವರು ಮೊದಲಿಗೆ ಈ ರಕ್ಷಣೆಯ ಹೊರಗಿದ್ದರು. 1973ರ ಫೆಬ್ರವರಿ 1ರಂದು ಹಾಗೆ ವಾಸವಿದ್ದವರನ್ನು ತಿದ್ದುಪಡಿ ಬಾಡಿಗೆದಾರರೆಂದೇ ಪರಿಗಣಿಸಿತು. ಅವರು ಉಳಿದರು, ಆದರೆ ಆಮೇಲೆ ಮನೆ ಕೊಡಲು ಮಾಲಕರು ಹೆದರಿದರು.

ಬಾಡಿಗೆ ನಿಂತಲ್ಲೇ ನಿಂತಾಗ ದುರಸ್ತಿಯೂ ನಿಂತಿತು. ದ್ವೀಪನಗರದ ಕಟ್ಟಡಗಳು ಶಿಥಿಲವಾಗತೊಡಗಿದವು. 1969ರಲ್ಲಿ ದುರಸ್ತಿ ಮಂಡಳಿಯ ಕಾಯಿದೆ ಬಂದು, ಅಂಥ ಕಟ್ಟಡಗಳ ಮೇಲೆ ದುರಸ್ತಿಯ ಉಪಕರ ಬಿತ್ತು. ಇತ್ತ ನಮ್ಮವರು ಘಾಟ್‌ಕೋಪರ್, ಮುಲುಂಡ್, ಡೊಂಬಿವಲಿಗಳ ಕಡೆಗೆ ಹೊರಟರು. 1960ರ ಸಹಕಾರಿ ಕಾಯಿದೆ, 1963ರ ಫ್ಲ್ಯಾಟು ಕಾಯಿದೆಗಳು ಸ್ವಂತ ಮನೆಯ ದಾರಿಗೆ ಆಧಾರವಾದವು. ಹೆಚ್ಚುವರಿ ಭೂಮಿಯನ್ನು ಹೊರಗೆ ತರಲೆಂದು 1976ರ ನಗರ ಭೂಮಿತಿ ಕಾಯಿದೆ ಬಂತು. ಬಡವರ ಮನೆಗಳಿಗೆ ಅದು ನೆನಸಿದಷ್ಟು ಭೂಮಿ ಕೊಡಲಿಲ್ಲ. 2007ರಲ್ಲಿ ಮಹಾರಾಷ್ಟ್ರ ಅದನ್ನು ಕೈಬಿಟ್ಟಿತು.

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ಆರಂಭದಲ್ಲಿ ನ್ಯಾಯವಾಗಿದ್ದ ಬಾಡಿಗೆಯ ನಿಬಂಧನೆ ಕಾಲ ಸರಿದಂತೆ ಅನ್ಯಾಯವಾಗಿದೆ ಎಂಬುದು ಅದರ ಸಾರ. ಆ ಮೊಕದ್ದಮೆಯ ಶೀರ್ಷಿಕೆ ನಮ್ಮ ಕರಾವಳಿಯ ಮಲ್ಪೆಯ ಹೆಸರಿನಿಂದ ಆರಂಭವಾಗುತ್ತದೆಂಬುದು ನಮಗೆ ಸ್ವಾರಸ್ಯದ ಸಂಗತಿ. 2000ದ ಮಾರ್ಚ್ 31ರಿಂದ ಹೊಸ ಕಾಯಿದೆ ಜಾರಿಯಾಯಿತು. ವರ್ಷಕ್ಕೆ ನೂರಕ್ಕೆ 4ರಂತೆ ಬಾಡಿಗೆ ಏರಿಸಲು ಅದು ಅವಕಾಶವಿತ್ತಿತು. ಪಗಡಿಯೂ ಬೆಳಕಿಗೆ ಬಂತು.

ಇಂದು ನಮ್ಮಲ್ಲಿ ಬಾಡಿಗೆದಾರರೂ ಇದ್ದಾರೆ, ಮಾಲಕರೂ ಇದ್ದಾರೆ. ಹಳೆಯ ಖೋಲಿಯಲ್ಲಿರುವವರು ಬಾಡಿಗೆಯ ರಸೀದಿಗಳನ್ನು ಒಡವೆಯಂತೆ ಜೋಪಾನ ಮಾಡಲಿ. ಕಟ್ಟಡ ಕೆಡವಿ ಕಟ್ಟುವ ದಿನ ಅವೇ ಸಾಕ್ಷಿ. ಎರಡು ಕೋಣೆ ಹೆಚ್ಚು ಉಳ್ಳವರು, ನಿನ್ನೆ ಊರಿನಿಂದ ಬಂದು ಠಿಕಾಣಿ ಹುಡುಕುತ್ತಿರುವ ಹುಡುಗನ ಮುಖವನ್ನೊಮ್ಮೆ ನೋಡಲಿ. ನಮ್ಮ ತಂದೆಯವರು ಒಂದು ಕಾಲದಲ್ಲಿ ನಿಂತದ್ದೂ ಅದೇ ಬಾಗಿಲ ಮುಂದೆ.