ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರದ ಆಹಾರ: ಸಿರವಾರ ಸೀಮೆಯ ಜೈನ ಮನೆಗಳಿಗೆ ಮಾಹಿತಿ

ಪಿತ್ತಕೋಶದಲ್ಲಿ ಕಲ್ಲಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಿರವಾರ, ಮಾನ್ವಿ, ದೇವದುರ್ಗದ ಕಡೆಗೆ ಮರಳುವ ಜೈನ ಮನೆಗಳಲ್ಲಿ ಮೊದಲ ದಿನವೇ ಎರಡು ಪ್ರಶ್ನೆ ಏಳುತ್ತವೆ. ಆಸ್ಪತ್ರೆಯ ಚೀಟಿಯಲ್ಲಿ ಬರೆದ ಆಲೂಗಡ್ಡೆ, ಕ್ಯಾರೆಟ್ ಸೂಪಿನ ಬದಲು ಏನು ಕೊಡುವುದು? ರಾತ್ರಿಭೋಜನ ತ್ಯಾಗ, ಉಪವಾಸಗಳನ್ನು ಪಾಲಿಸಬಹುದೇ? ವ್ರತಕ್ಕೂ ಚೇತರಿಕೆಗೂ ಹೆಚ್ಚಿನ ವಿರೋಧವಿಲ್ಲ. ಎಚ್ಚರ ಬೇಕಾದದ್ದು ಎಣ್ಣೆ-ತುಪ್ಪ, ರಾತ್ರಿಯ ನೀರು ಮತ್ತು ಉಪವಾಸಗಳ ವಿಷಯದಲ್ಲಿ.

ದೇಹದಲ್ಲಿ ಆಗುವ ಬದಲಾವಣೆ

ಜಿಡ್ಡನ್ನು ಕರಗಿಸುವ ಪಿತ್ತರಸವನ್ನು ಯಕೃತ್ತು ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್ ತಯಾರಿಸುತ್ತದೆ. ಪಿತ್ತಕೋಶವು ಅದರಲ್ಲಿ 30ರಿಂದ 50 ಮಿಲಿ ಲೀಟರಿನಷ್ಟನ್ನು ಗಟ್ಟಿಮಾಡಿ ಇಟ್ಟುಕೊಂಡು ಊಟದ ವೇಳೆಗೆ ಬಿಡುತ್ತದೆ. ಅದನ್ನು ತೆಗೆದ ಮೇಲೂ ಪಿತ್ತರಸ ನಿಲ್ಲುವುದಿಲ್ಲ. ಸಣ್ಣಗೆ ಸದಾ ಕರುಳಿಗೆ ಇಳಿಯುತ್ತಿರುತ್ತದೆ. ಆದ್ದರಿಂದ ಸ್ವಲ್ಪ ಜಿಡ್ಡು ಜೀರ್ಣವಾಗುತ್ತದೆ, ಒಮ್ಮೆಲೇ ಬಂದ ಹೆಚ್ಚು ಜಿಡ್ಡು ಆಗುವುದಿಲ್ಲ. ಹೊಟ್ಟೆ ಉಬ್ಬರ, ಊಟವಾದ ಕೂಡಲೇ ಭೇದಿ ಇವುಗಳಿಗೆ ಇದೂ ಒಂದು ಕಾರಣ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ.

ಮೊದಲ ವಾರ

ವೈದ್ಯರು ಅನುಮತಿ ಕೊಟ್ಟ ಮೇಲೆ ಕಾಯಿಸಿ ಆರಿಸಿದ ನೀರು, ಹೆಸರುಬೇಳೆ ಕಟ್ಟು, ಅಕ್ಕಿ ಗಂಜಿಯ ತಿಳಿಯಿಂದ ಆರಂಭಿಸಬೇಕು. ಅದು ಒಗ್ಗಿದರೆ ಮೆತ್ತಗೆ ಬೇಯಿಸಿದ ಅನ್ನ, ಒಗ್ಗರಣೆ ಇಲ್ಲದ ತೊವ್ವೆ, ಹೆಸರುಬೇಳೆ ಖಿಚಡಿ, ಇಡ್ಲಿ ಕೊಡಬಹುದು. ಆಲೂಗಡ್ಡೆ, ಕ್ಯಾರೆಟ್ ಜಾಗದಲ್ಲಿ ಸೋರೆಕಾಯಿ, ಹೀರೆಕಾಯಿ, ಪಡವಲಕಾಯಿ, ಸಿಹಿಗುಂಬಳ, ಬೇಯಿಸಿದ ಬಾಳೆಕಾಯಿ ಸಾಕು. ಹಸಿಶುಂಠಿಯ ಬದಲು ಚಿಟಿಕೆ ಒಣಶುಂಠಿ ಹಾಕಬಹುದು. ಗಂಜಿಗೆ ಸಬ್ಬಕ್ಕಿಯೇ ಆಗಬೇಕೆಂದಿಲ್ಲ. ಅದು ಗೆಡ್ಡೆಯಿಂದ ತಯಾರಾಗುವುದರಿಂದ ಅನೇಕ ಮನೆಗಳಲ್ಲಿ ಬಳಸುವುದೂ ಇಲ್ಲ.

ಎಮ್ಮೆ ಹಾಲಿನ ಬದಲು ಕೆನೆ ತೆಗೆದ ಹಾಲು, ಬೆಣ್ಣೆ ತೆಗೆದ ತೆಳು ಮಜ್ಜಿಗೆ ಒಳ್ಳೆಯದು. ದ್ವಿದಳದ ನಿಯಮ ಪಾಲಿಸುವವರು ಮಜ್ಜಿಗೆಯನ್ನು ಬೇಳೆಯ ಜೊತೆ ಕೊಡದೆ ಬೇರೆ ಹೊತ್ತಿನಲ್ಲಿ ಬರಿ ಅನ್ನಕ್ಕೆ ಕೊಡಬಹುದು. ಹಾಲಿನಿಂದ ಭೇದಿ ಹೆಚ್ಚಾದರೆ ಕೆಲವು ದಿನ ಬಿಡಬೇಕು.

ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ

ಈ ಸೀಮೆಯ ಊಟದಲ್ಲಿ ಜಿಡ್ಡು ಕಣ್ಣಿಗೆ ಕಾಣದ ಕಡೆ ಇರುತ್ತದೆ. ಒಂದು ಹಿಡಿ ಶೇಂಗಾದಲ್ಲಿ, ಅಂದರೆ ಸುಮಾರು 30 ಗ್ರಾಂನಲ್ಲಿ, 14 ಗ್ರಾಂನಷ್ಟು ಕೊಬ್ಬಿದೆ. ಇದು ಮೂರು ಸಣ್ಣ ಚಮಚ ಎಣ್ಣೆಗೆ ಸಮ. ಹಾಗಾಗಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಣಕೊಬ್ಬರಿ, ಎಣ್ಣೆಗಾಯಿ, ಮಿರ್ಚಿ ಭಜ್ಜಿ, ಪೂರಿ, ತುಪ್ಪ ಸುರಿದ ಹೋಳಿಗೆ ಮೊದಲ ತಿಂಗಳು ಬೇಡ. ಒಂದು ಹೊತ್ತಿನ ಪಲ್ಯಕ್ಕೆ ಅರ್ಧ ಚಮಚ ಎಣ್ಣೆಯ ಒಗ್ಗರಣೆ ಸಾಕು.

ಜೋಳದ ರೊಟ್ಟಿಯಲ್ಲಿ ಎಣ್ಣೆಯಿಲ್ಲ, ಆದರೆ ನಾರು ಹೆಚ್ಚು. ಎರಡನೆಯ ವಾರದಲ್ಲಿ ಜೋಳದ ನುಚ್ಚಿನಿಂದ ಆರಂಭಿಸಿ, ಆಮೇಲೆ ಅರ್ಧ ಬಿಸಿ ಮೆತ್ತನೆಯ ರೊಟ್ಟಿ, ನಂತರ ಒಂದು ಎಂದು ಏರಿಸಬೇಕು. ಖಡಕ್ ರೊಟ್ಟಿ, ಖಾರದ ಪುಂಡಿಪಲ್ಯ, ಕಡಲೆಬೇಳೆಯ ಪದಾರ್ಥಗಳು ಕೊನೆಗೆ ಬರಲಿ. ದಿನಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿದರೆ ಯಾವುದು ಒಗ್ಗಲಿಲ್ಲ ಎಂಬುದು ತಿಳಿಯುತ್ತದೆ.

ಸೂರ್ಯಾಸ್ತದ ಒಳಗೆ ಐದು ಸಣ್ಣ ಊಟ

ಸ್ವಲ್ಪ ಸ್ವಲ್ಪ, ಹಲವು ಬಾರಿ ತಿನ್ನಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ರಾಯಚೂರು ಭಾಗದಲ್ಲಿ ಡಿಸೆಂಬರ್ ಮೊದಲಲ್ಲಿ ಸೂರ್ಯ ಮುಳುಗುವುದು ಸಂಜೆ 5.45ರ ಆಸುಪಾಸಿಗೆ. ಸೂರ್ಯೋದಯದಿಂದ 48 ನಿಮಿಷ ಕಾಯುವ ನವಕಾರಸಿ ಪಾಲಿಸಿದರೂ 7.30ರಿಂದ 5.30ರವರೆಗೆ ಹತ್ತು ತಾಸು ಸಿಗುತ್ತದೆ. 7.30, 10, 12.30, 3 ಮತ್ತು 5.15ಕ್ಕೆ ಸಣ್ಣ ಊಟ ಕೊಡಬಹುದು. ಕೊನೆಯ ಊಟ ಹಗುರವಾಗಿರಲಿ. ದಿನವಿಡೀ ತಿನ್ನದ್ದನ್ನು ಸಂಜೆ ಒಮ್ಮೆಲೇ ತುಂಬಿಸುವುದು ತಪ್ಪು.

ದಿನಕ್ಕೆ ಎರಡು ಬಾರಿಯ ಮಾತ್ರೆಗಳನ್ನು ಬೆಳಿಗ್ಗೆ ಮತ್ತು ಸೂರ್ಯಾಸ್ತದ ಮೊದಲು ತೆಗೆದುಕೊಳ್ಳಬಹುದೇ ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಬೇಕು. ಕ್ಯಾಪ್ಸೂಲಿನ ಹೊದಿಕೆ ಬಹುತೇಕ ಪ್ರಾಣಿಜನ್ಯ ಜೆಲಟಿನ್‌ನಿಂದ ಆಗಿರುತ್ತದೆ. ಅದೇ ಔಷಧ ಮಾತ್ರೆಯ ರೂಪದಲ್ಲಿದೆಯೇ ಎಂದು ವಿಚಾರಿಸಬಹುದು. ತಾವಾಗಿಯೇ ಔಷಧ ಬಿಡಬಾರದು. ಬೇಸಿಗೆಯ ಉರಿಬಿಸಿಲಿನಲ್ಲಿ ಭೇದಿಯೂ ಇದ್ದರೆ ಚೌವಿಹಾರದಿಂದ ನೀರಿನ ಕೊರತೆ ಆಗುತ್ತದೆ. ಅಂಥವರು ಕಾಯಿಸಿದ ನೀರಿಗೆ ಅವಕಾಶವಿರುವ ತಿವಿಹಾರಕ್ಕೆ ಬದಲಾಯಿಸಿಕೊಳ್ಳಬಹುದು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಹಗಲಿನಲ್ಲಿ ಕುಡಿಸಬೇಕು.

ಉಪವಾಸ ಯಾವಾಗ?

ಗಾಯ ಮಾಯಲು ಪ್ರೋಟೀನ್, ನೀರು ಎರಡೂ ಬೇಕು. ಆದ್ದರಿಂದ ಅಷ್ಟಮಿ-ಚತುರ್ದಶಿಯ ಉಪವಾಸ, ಏಕಾಶನ, ಪರ್ಯೂಷಣ ಅಥವಾ ದಶಲಕ್ಷಣ ಪರ್ವದ ದೀರ್ಘ ತಪಸ್ಸುಗಳನ್ನು ವೈದ್ಯರು ಒಪ್ಪುವವರೆಗೆ ಮುಂದೂಡಬೇಕು. ಮಧುಮೇಹ ಇರುವವರಿಗಂತೂ ಇದು ಕಡ್ಡಾಯ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪ, ಅಂದರೆ ಶಕ್ತಿಗೆ ತಕ್ಕ ತಪಸ್ಸು. ಶ್ವೇತಾಂಬರರ ಪಚ್ಚಕ್ಖಾಣದಲ್ಲೂ ರೋಗಪೀಡೆಯ ಸಂದರ್ಭಕ್ಕೆ ಆಗಾರ ಉಂಟು. ಆ ದಿನಗಳಲ್ಲಿ ಸ್ವಾಧ್ಯಾಯ, ಜಪ, ಸಾಮಾಯಿಕಕ್ಕೆ ಅಡ್ಡಿಯಿಲ್ಲ. ಸಂದೇಹವಿದ್ದವರು ಮುನಿಗಳನ್ನು, ಮಾತಾಜಿಯವರನ್ನು ಕೇಳುವಾಗ ವೈದ್ಯರು ಹೇಳಿದ್ದನ್ನೂ ತಿಳಿಸಬೇಕು.

ಕಲ್ಲಿದ್ದೂ ಶಸ್ತ್ರಚಿಕಿತ್ಸೆ ಆಗದವರು ಇನ್ನೂ ಎಚ್ಚರ ವಹಿಸಬೇಕು. ದೀರ್ಘ ಉಪವಾಸದಲ್ಲಿ ಪಿತ್ತರಸ ಕೋಶದಲ್ಲೇ ನಿಲ್ಲುತ್ತದೆ. ತೂಕ ಬೇಗ ಇಳಿದರೆ ಹೊಸ ಕಲ್ಲಾಗುವ ಸಂಭವವೂ ಹೆಚ್ಚು.

ತಡ ಮಾಡಬಾರದ ಲಕ್ಷಣಗಳು

ಜ್ವರ, ಚಳಿ, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮಲ ಬಿಳಿಚುವುದು, ಗಾಯದಲ್ಲಿ ಕೀವು ಕಂಡರೆ ಅದು ಊಟದ ದೋಷವೆಂದು ಮನೆಮದ್ದು ಮಾಡುತ್ತ ಕೂರಬಾರದು. ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದೆರಡು ತಿಂಗಳಲ್ಲಿ ಬಹುತೇಕರು ಮನೆಯವರೊಂದಿಗೆ ಅದೇ ಅಡುಗೆ ಉಣ್ಣುವಂತಾಗುತ್ತಾರೆ. ರೊಟ್ಟಿಯ ಮೇಲೆ ಒಂದು ಚಮಚ ಹಿಂಡಿಯೂ ಆಗ ಮರಳಿ ಬರಬಹುದು.