ಹಾಲಿನ ಅಲರ್ಜಿ ಮತ್ತು ಲ್ಯಾಕ್ಟೋಸ್ ಅಸಹಿಷ್ಣುತೆ

ಹಾಲು ಸೇವಿಸಿದ ಮೇಲೆ ಕಾಣಿಸಿಕೊಳ್ಳುವ ಎರಡು ಬೇರೆ ಬೇರೆ ತೊಂದರೆಗಳು. ಅಲರ್ಜಿಯು ಹಾಲಿನ ಪ್ರೋಟೀನಿನ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುವುದರಿಂದ ಬರುತ್ತದೆ. ಅಸಹಿಷ್ಣುತೆಗೆ ಕಾರಣ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಮೊದಲನೆಯದು ಪ್ರಾಣಕ್ಕೆ ಸಂಚಕಾರ ತರಬಲ್ಲದು; ಎರಡನೆಯದು ಹಿಂಸೆ ಕೊಡುತ್ತದೆ, ಅಷ್ಟೇ.

ಅಲರ್ಜಿ ಹೆಚ್ಚಾಗಿ ಮಗುವಿನ ಮೊದಲ ವರ್ಷದಲ್ಲಿ, ಹಸುವಿನ ಹಾಲನ್ನೋ ಹಾಲಿನ ಪುಡಿಯನ್ನೋ ಕೊಡಲು ಶುರುಮಾಡಿದಾಗ ಬಯಲಾಗುತ್ತದೆ. ಕೇಸೀನ್, ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳು ಮುಖ್ಯ ಕಾರಣ. ವಿಜ್ಞಾನಿಗಳಾದ ಇಶಿಜಾಕಾ ದಂಪತಿ 1966ರಲ್ಲಿ ವಿವರಿಸಿದ ಐಜಿಇ ಎಂಬ ಪ್ರತಿಕಾಯ ಇವುಗಳನ್ನು ಗುರುತಿಸಿದೊಡನೆ ಕೆಲವು ಜೀವಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಎರಡು ಗಂಟೆಯೊಳಗೆ, ಮೈಮೇಲೆ ಪಿತ್ತಗಂಧೆ ಏಳುತ್ತದೆ; ತುಟಿ, ಕಣ್ಣಿನ ರೆಪ್ಪೆ ಊದುತ್ತವೆ; ವಾಂತಿಯಾಗುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಎದ್ದು ಕಾಣದಿರಬಹುದು, ಆದರೆ ಕೈಯಾಡಿಸಿದರೆ ಉಬ್ಬು ಸಿಗುತ್ತದೆ. ಸ್ವರ ಒಡೆಯುವುದು, ಉಸಿರಿನಲ್ಲಿ ಸುಂಯ್‌ಗುಡುವ ಸದ್ದು, ಮಗು ಸುಸ್ತಾಗಿ ಜೋತುಬೀಳುವುದು ಅನಾಫಿಲಾಕ್ಸಿಸ್‌ನ, ಅಂದರೆ ಪ್ರಾಣಕ್ಕೆ ಸಂಚಕಾರ ತರುವ ತೀವ್ರ ಅಲರ್ಜಿಯ, ಸೂಚನೆಗಳು. ಆಗ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ತಡವಿಲ್ಲದೆ ಬೀಳಬೇಕು. ತುರಿಕೆಯ ಮಾತ್ರೆ ನುಂಗಿಸಿ ಕಾಯುವುದು ಅಪಾಯ. ಐಜಿಇ ಇಲ್ಲದ ನಿಧಾನ ಬಗೆಯೂ ಇದೆ. ಚೆನ್ನಾಗಿಯೇ ಆಡಿಕೊಂಡಿರುವ ಹಸುಗೂಸಿನ ಮಲದಲ್ಲಿ ರಕ್ತದ ಎಳೆ ಕಾಣುವುದು ಅದರ ಒಂದು ಲಕ್ಷಣ.

ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣಕರುಳಿನ ಒಳಪದರದಲ್ಲಿರುತ್ತದೆ. ಹಾಲು ಬಿಡಿಸಿದ ಮೇಲೆ ಅದು ಕಡಿಮೆಯಾಗುತ್ತ ಹೋಗುವುದೇ ಮನುಷ್ಯನ ಸಹಜ ಸ್ಥಿತಿ. ಜಗತ್ತಿನ ಸುಮಾರು ಮೂರನೇ ಎರಡು ಭಾಗದಷ್ಟು ಜನರದು ಇದೇ ಕತೆ. ಹಾಗಾಗಿ ಇದನ್ನು ರೋಗ ಎನ್ನುವುದೇ ಅತಿಯಾಯಿತು. ಭಾರತದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಈ ಕೊರತೆ ಹೆಚ್ಚು. ಜೀರ್ಣವಾಗದ ಸಕ್ಕರೆ ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಹೊಟ್ಟೆ ಉಬ್ಬರ, ಗುಡುಗುಡು, ವಾಯು, ನೀರುಭೇದಿ. ಮೈಮೇಲೆ ಗಂಧೆ ಏಳುವುದಿಲ್ಲ, ಉಸಿರು ಕಟ್ಟುವುದಿಲ್ಲ.

ಇಲ್ಲಿ ಪ್ರಮಾಣವೇ ಮುಖ್ಯ. ಒಂದು ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಲೀಟರಿನಲ್ಲಿ, ಹತ್ತು ಗ್ರಾಂನಷ್ಟು ಲ್ಯಾಕ್ಟೋಸ್ ಇರುತ್ತದೆ. ಖಾಲಿ ಹೊಟ್ಟೆಗೆ ಅಷ್ಟನ್ನು ತಡೆಯದವರು ಕಾಫಿಗೆ ಬೆರೆಸಿದ ಹಾಲನ್ನು ಆರಾಮವಾಗಿ ಅರಗಿಸಿಕೊಳ್ಳಬಹುದು. ಮೊಸರಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ತಿಂದಿರುತ್ತದೆ. ತುಪ್ಪದಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಲನ್ನು ಬತ್ತಿಸಿದ ಖೋವಾ, ಪೇಡೆಗಳಲ್ಲಿ ಮಾತ್ರ ಸಾಂದ್ರವಾಗಿರುತ್ತದೆ. ಮಜ್ಜಿಗೆ ಅನ್ನ ಉಂಡರೆ ಏನೂ ಆಗದು, ಹಾಲು ಕುಡಿದರಷ್ಟೇ ಹೊಟ್ಟೆ ಕೆಡುತ್ತದೆ ಎನ್ನುವವರದು ಬಹುಮಟ್ಟಿಗೆ ಲ್ಯಾಕ್ಟೋಸಿನ ತೊಂದರೆ. ಅಲರ್ಜಿಯಿರುವ ಮಗುವಿಗೆ ಮಜ್ಜಿಗೆಯೂ ವರ್ಜ್ಯ. ಮೇಕೆ ಹಾಲು ಕೊಡಿ ಎಂಬ ಸಲಹೆಯೂ ತಪ್ಪು, ಅದರ ಪ್ರೋಟೀನುಗಳು ಹಸುವಿನ ಹಾಲಿನವನ್ನೇ ಹೋಲುತ್ತವೆ. ಭೇದಿ ಕಾಯಿಲೆಯಿಂದ ಎದ್ದ ಮಕ್ಕಳಲ್ಲಿ ಕೆಲವು ವಾರ ಲ್ಯಾಕ್ಟೇಸ್ ಕೊರತೆ ಕಂಡು ತಾನಾಗಿ ಸರಿಹೋಗುವುದುಂಟು.

ರೋಗನಿರ್ಣಯದಲ್ಲಿ ಏನು ತಿಂದದ್ದು, ಎಷ್ಟು, ಎಷ್ಟು ಹೊತ್ತಿಗೆ ಏನಾಯಿತು ಎಂಬ ವಿವರಕ್ಕೆ ಮೊದಲ ಸ್ಥಾನ. ಅಸಹಿಷ್ಣುತೆಗೆ ಉಸಿರಿನ ಹೈಡ್ರೋಜನ್ ಪರೀಕ್ಷೆ, ಅಲರ್ಜಿಗೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇಲ್ಲವೇ ರಕ್ತದ ಐಜಿಇ ಪರೀಕ್ಷೆ ಇದೆ. ಲಕ್ಷಣವೇ ಇಲ್ಲದವರಲ್ಲೂ ಐಜಿಇ ಪಾಸಿಟಿವ್ ಬರಬಹುದು. ಹತ್ತಾರು ಆಹಾರಗಳ ಪಟ್ಟಿಯೊಡನೆ ಮಾರುವ, ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆ ಇದಕ್ಕೆ ನಿರುಪಯೋಗಿ. ಆ ಆಹಾರ ತಿಂದಿದ್ದೀರಿ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಭಾರತದಲ್ಲಿ ಪೊಟ್ಟಣದ ಆಹಾರದಲ್ಲಿ ಹಾಲಿನ ಅಂಶವಿದ್ದರೆ ಲೇಬಲ್ಲಿನಲ್ಲಿ ಅಲರ್ಜಿಕಾರಕವೆಂದು ನಮೂದಿಸಬೇಕು. ಬಿಸ್ಕತ್ತು, ಸೂಪಿನ ಪುಡಿಗಳ ಪದಾರ್ಥಪಟ್ಟಿಯಲ್ಲಿ ಬರುವ ವೇ ಪುಡಿ, ಸೋಡಿಯಂ ಕೇಸಿನೇಟ್ ಹಾಲಿನವೇ.